ಎಣ್ಣೆ ಸರಿ, ನೀರು ಸರಿ

ಆಗಸ್ಟ್ 3, ಭಾನುವಾರ

ಬರೆಯಲು ಕುಳಿತದ್ದು ಜಾಹೀರಾತು. ಆಗುತ್ತಿರುವುದು ಇದು.

ಅಪ್ಪ ಕಾರು ಮಾರುತ್ತಾರಂತೆ. ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ, ಮನೆಯಲ್ಲಿ ಹಾಲು ಮುಗಿದಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು. "ಆಯುಧಪೂಜೆಯೊಳಗೆ ಗಾಡಿ ಹೋಗ್ಬಿಡ್ಬೇಕು ಕಣಮ್ಮ. ನೀನೇ ಇಂಟರ್‌ನೆಟ್‌ನಲ್ಲಿ ಹಾಕು, ಬಂದೋರಿಗೆ ತೋರಿಸು. ನಿನಗೂ ಈಗ ಪುರುಸೊತ್ತಿದೆಯಲ್ಲ."

ಕೆಲಸ ಹೋಗಿ ನಾಲ್ಕು ತಿಂಗಳಾದ ಮಗಳಿಗೆ ಪುರುಸೊತ್ತಿದೆ ಎಂದು ಮುಖಕ್ಕೇ ಹೇಳಬಲ್ಲವರು ಪ್ರಪಂಚದಲ್ಲಿ ನಮ್ಮಪ್ಪ ಪ್ರಭಾಕರ ಅವರೊಬ್ಬರೇ.

ಕಾರಣ ಕಣ್ಣು. ಎರಡು ವರ್ಷದಿಂದ ನೋಟದ ನಡುಭಾಗ ಮಸುಕಾಗುತ್ತಾ ಬಂದಿದೆ. ತಿಂಗಳಿಗೊಮ್ಮೆ ಕಣ್ಣಿಗೇ ಇಂಜೆಕ್ಷನ್. ನೇರ ನೋಡಿದರೆ ಏನೂ ಕಾಣುವುದಿಲ್ಲ, ಅಂಚಿನಿಂದ ನೋಡಿದರೆ ಒಂದಿಷ್ಟು ಕಾಣುತ್ತದೆ. ಹಾಗಾಗಿ ಯಾರನ್ನಾದರೂ ನೋಡಬೇಕಾದರೆ ಅಪ್ಪ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಗೊತ್ತಿಲ್ಲದವರಿಗೆ ಮುನಿಸಿಕೊಂಡಂತೆ ಕಾಣುತ್ತದೆ. ಜೂನ್‌ನಲ್ಲಿ ತಾವೇ ಹೋಗಿ ಡ್ರೈವಿಂಗ್ ಲೈಸೆನ್ಸ್ ಒಪ್ಪಿಸಿ ಬಂದರು.

ಷರತ್ತು ಒಂದೇ. ತೆಗೆದುಕೊಳ್ಳುವವರು ಓಡಿಸಬೇಕು. "ನಿಲ್ಲಿಸಿ ಒರೆಸೋರಿಗೆ ಕೊಡ್ಬೇಡ. ನಿಂತ ಗಾಡಿ ಸತ್ತ ಹಾಗೆ."

ನನಗೇನಂತೆ. ನಾನು ಹ್ಯಾರಿಸನ್‌ನಲ್ಲಿ ಆರನೇ ಮಹಡಿಯಲ್ಲಿ, ಸ್ವಂತ ಕಾರೇ ಇಲ್ಲದೆ, ರೈಲನ್ನು ನಂಬಿ ಬದುಕುವವಳು. ಆದರೂ ನಿನಗೆ ಬೇಕಾ ಎಂದು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಬೇಡ ಅನ್ನುತ್ತಿದ್ದೆ, ಅದು ಬೇರೆ.

ಕಾರಿನ ವಿವರ ಬೇಕೆಂದಾಗ ಅಪ್ಪ ಗ್ಯಾರೇಜಿನ ಈ ದಪ್ಪ ನೋಟ್‌ಬುಕ್ ಕೊಟ್ಟರು. ಗಾಡಿ ಹೊರತೆಗೆದ ಪ್ರತಿ ದಿನಕ್ಕೂ ಅವರದೊಂದು ಟಿಪ್ಪಣಿ. ಎಲ್ಲವೂ 'ಎಣ್ಣೆ ಸರಿ, ನೀರು ಸರಿ' ಎಂದೇ ಶುರು. ಹಿಂದಿನ ಪುಟಗಳು ಖಾಲಿ ಇವೆ, ನಾನು ಹಿಂದಿನಿಂದ ಬರೆಯುತ್ತಿದ್ದೇನೆ. ಒಂಬತ್ತು ವರ್ಷದವಳಾಗಿ ಮೈಸೂರಿನಿಂದ ಇಲ್ಲಿ ನ್ಯೂಜೆರ್ಸಿಗೆ ಬಂದಾಗ, ಕನ್ನಡ ಮರೆತೀನೆಂದು ಅಮ್ಮ ಪ್ರತಿ ಶನಿವಾರ ಒಂದು ಪುಟ ಬರೆಸುತ್ತಿದ್ದಳು. ಅಡುಗೆಮನೆಯ ಮೇಜಿನಲ್ಲಿ ನಾನು ಬರೆಯುವುದು, ಗೋಡೆಯಾಚೆ ಅಪ್ಪ ತಗಡು ಬಡಿಯುವುದು. ಆ ಅಭ್ಯಾಸ ಇವತ್ತು ಉಪಯೋಗಕ್ಕೆ ಬಂತು.

ಆಗಸ್ಟ್ 9, ಶನಿವಾರ

ಪಿಸ್ಕಾಟವೇ, ಅಪ್ಪ ಅಮ್ಮನ ಮನೆ. ಫೋಟೋ ತೆಗೆದು ಜಾಹೀರಾತು ಹಾಕಿದೆ.

1934ರ ಫೋರ್ಡ್ ಬಾಡಿ. ದಕ್ಷಿಣ ಜೆರ್ಸಿಯಲ್ಲಿ ಕೋಳಿ ಸಾಕುವವರೊಬ್ಬರ ಹಿತ್ತಲಲ್ಲಿ ಸಿಕ್ಕಿದ್ದು. ಸಿಕ್ಕಾಗ ಒಳಗೆ ಹನ್ನೊಂದು ಕೋಳಿಗಳು ಸಂಸಾರ ಮಾಡುತ್ತಿದ್ದವು, ಅಂದಿನಿಂದ ಅಮ್ಮನ ಬಾಯಲ್ಲಿ ಅದು ಕೋಳಿಗೂಡು. ಆರು ವರ್ಷ ಅಪ್ಪ ಅದನ್ನು ಕೊಯ್ದು, ಬೆಸೆದು, ತಗ್ಗಿಸಿ, ಅಪಘಾತವಾದ ಬೇರೊಂದು ಕಾರಿನ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ ಹಾಟ್ ರಾಡ್ ಮಾಡಿದರು. ಹಾಟ್ ರಾಡ್ ಅಂದ್ರೆ ಏನ್ರೀ ಎಂದು ಕನ್ನಡ ಸಂಘದಲ್ಲಿ ಯಾರಾದರೂ ಕೇಳಿದರೆ ಅಮ್ಮ, "ಮುದಿ ಗಾಡಿಗೆ ಹುಚ್ಚು ಹಿಡಿಸೋದು" ಎನ್ನುತ್ತಾಳೆ.

ಬಣ್ಣ ಬಾಳೆಲೆ ಹಸಿರು. ಮೇಲೆ ಟಾಪ್ ಇಲ್ಲ, ಮುಂದೆ ಬಾನೆಟ್ ಇಲ್ಲ. ಗೇರಿನ ಹಿಡಿಗೆ ಚನ್ನಪಟ್ಟಣದ ಅರಗಿನ ಗುಂಡು, ಕೆಂಪು ಹಳದಿ ಪಟ್ಟೆಯದು. ಡ್ಯಾಶ್‌ಬೋರ್ಡಿನಲ್ಲಿ ಚಾಮುಂಡಿಯ ಹಿತ್ತಾಳೆ ತಗಡು. ಅದರ ಹಿಂದೆ ಅಪ್ಪ ಒಂದು ಗುಪ್ತ ಸ್ವಿಚ್ ಇಟ್ಟಿದ್ದಾರೆ. ತಾಯಿಯ ಪಾದ ಒತ್ತದೆ ಎಷ್ಟು ಕೀ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ, ಬರೀ ಕೆಮ್ಮುತ್ತದೆ. "ಕಳ್ಳನಿಗೆ ಭಕ್ತಿ ಇರಲ್ಲ" ಎಂಬುದು ಅಪ್ಪನ ವಾದ. ಇದನ್ನು ಜಾಹೀರಾತಿನಲ್ಲಿ ಹಾಕುವಂತಿಲ್ಲ.

ಕ್ಲಚ್ ಪೆಡಲ್ಲಿನ ಮೇಲೆ ಒಂದು ಮರದ ತುಂಡು ಕಂಡಿತು, ಸ್ಕ್ರೂ ಹಾಕಿ ಭದ್ರ ಮಾಡಿದ್ದಾರೆ. ಇದು ಯಾಕೆ ಎಂದರೆ "ಇರ್ಲಿ ಬಿಡು" ಎಂದರು.

ಆ ಪೆಡಲ್ಲಿಗೂ ನನಗೂ ಹಳೆಯ ದ್ವೇಷ. ಹದಿನೇಳು ತುಂಬಿದ ವರ್ಷ ಒಂದು ಶನಿವಾರ ಅಪ್ಪ ನನ್ನ ಕೈಗೆ ಸ್ಟೇರಿಂಗ್ ಕೊಟ್ಟರು. ಸ್ಟೆಲ್ಟನ್ ರೋಡಿನ ಸಿಗ್ನಲ್‌ನಲ್ಲಿ ಗಾಡಿ ನಿಂತಿತು. ಒಂದಲ್ಲ, ಐದು ಸಲ. ಹಿಂದೆ ಹಾರ್ನ್‌ಗಳ ಸಂತೆ, ಪಕ್ಕದ ಕಾರಿನಲ್ಲಿ ನನ್ನ ಕ್ಲಾಸಿನ ಹುಡುಗರು. ಅಪ್ಪ ಇಳಿದು ಬಂದು ಜಾಗ ಬದಲಿಸಿಕೊಂಡರು, ಮನೆ ಮುಟ್ಟುವವರೆಗೆ ಒಂದು ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇನ್ನು ಈ ಡಬ್ಬಾ ಮುಟ್ಟಲ್ಲ" ಎಂದು ನಾನು ಕಿರುಚಿದೆ. ಮುಟ್ಟಲೂ ಇಲ್ಲ.

ಜಾಹೀರಾತಿನಲ್ಲಿ ಸುಳ್ಳು ಬರೆಯಬಾರದು. ಮಳೆ ಬಂದರೆ ನೆನೆಯುತ್ತೀರಿ, ಹೊಂಡ ಬಂದರೆ ಬೆನ್ನು ನೋಯುತ್ತದೆ, ಪೆಟ್ರೋಲ್ ಕುಡಿಯುತ್ತದೆ, ನಿಮ್ಮ ಪಕ್ಕದ ಮನೆಯವರು ದೂರು ಕೊಡುತ್ತಾರೆ ಎಂದೂ ಸೇರಿಸಿದೆ. ಅಮ್ಮನಿಗೆ ಓದಿ ಹೇಳಿದೆ. "ಮಾರೋಕೆ ಬರೆದಿದ್ದೀಯೋ, ಹೆದರಿಸೋಕೋ?" ಎಂದಳು.

ಆಗಸ್ಟ್ 12, ಮಂಗಳವಾರ

ಹ್ಯಾರಿಸನ್. ಒಂದು ಇಂಟರ್‌ವ್ಯೂ ಇತ್ತು, ವೀಡಿಯೊದಲ್ಲಿ. ಮುಗಿದ ಮೇಲೆ ಕೂರಲಾಗಲಿಲ್ಲ. ನದಿ ದಂಡೆಯಲ್ಲಿ ಮೂರು ಸಲ ಆ ತುದಿಯಿಂದ ಈ ತುದಿಗೆ ನಡೆದೆ. ಮನೆಗೆ ಬಂದು ಈಮೇಲ್ ನೋಡಿದೆ. ಪಾತ್ರೆ ತೊಳೆದೆ. ಮತ್ತೆ ಈಮೇಲ್. ಕಾರಿನ ಬಗ್ಗೆ ನಾಲ್ಕು ಜನ ಕೇಳಿದ್ದಾರೆ, ನಾಳೆ ಉತ್ತರ ಕೊಟ್ಟರಾಯಿತು.

ಆಗಸ್ಟ್ 21, ಗುರುವಾರ

ಮೊದಲ ಗಿರಾಕಿ. ಗ್ಯಾರಿ ಅಂತ, ಪೆನ್ಸಿಲ್ವೇನಿಯಾದಿಂದ ಬಂದಿದ್ದ, ಎಪ್ಪತ್ತರ ಆಸುಪಾಸು. ಅಪ್ಪ ಅಮ್ಮ ಇಂಜೆಕ್ಷನ್‌ಗೆ ಹೋಗಿದ್ದರು. ಅವನು ಕಾರಿನ ಸುತ್ತ ಎರಡು ಸುತ್ತು ಬಂದು, ಬೆಸುಗೆ ಹಾಕಿದ ಜಾಗಗಳ ಮೇಲೆ ಬೆರಳಾಡಿಸಿ, ಇದನ್ನು ಮಾಡಿದವರು ಯಾರು ಎಂದ. ನಮ್ಮಪ್ಪ ಎಂದೆ. ಗ್ಯಾರೇಜಿನಲ್ಲಾ ಎಂದ. ಹೌದು ಎಂದೆ. ಟೋಪಿ ತೆಗೆದು ತಲೆ ಕೆರೆದುಕೊಂಡ. ನನ್ನ ಎದೆ ಉಬ್ಬಿತೇನೋ, ಗೊತ್ತಿಲ್ಲ.

ಒಳಗೆ ಕುಳಿತವನು ಬೂಟುಗಾಲು ಕ್ಲಚ್ಚಿನ ಮೇಲಿಟ್ಟು, ಈ ಮರದ ತುಂಡು ಯಾಕೆ, ಮೊಣಕಾಲು ಮೇಲಕ್ಕೆ ಬರುತ್ತದೆ ಎಂದು ಗೊಣಗಿದ. ಆಮೇಲೆ ಸ್ಟಾರ್ಟ್ ಮಾಡಿ ತೋರಿಸು ಎಂದ. ಕೀ ತಿರುಗಿಸಿದೆ. ಕೆಮ್ಮಿತು. ಮತ್ತೆ ತಿರುಗಿಸಿದೆ. ಕೆಮ್ಮಿತು. ಹತ್ತು ಸಲ ಆದ ಮೇಲೆ ಅವನಿಗೇ ಸಂಕೋಚವಾಗಿ, ಇನ್ನೊಮ್ಮೆ ಬರುತ್ತೇನೆ ಎಂದು ಹೊರಟ.

ಹಳೇ ಗಾಡಿ. ನಾನೇನು ಮಾಡಲಿ.

ಆಗಸ್ಟ್ 30, ಶನಿವಾರ

ಅಮರೇಶ್ವರ ಅಂಕಲ್ ಬಂದಿದ್ದರು. ಧಾರವಾಡದ ಕಡೆಯವರು, ಈಗ ರಾಬಿನ್ಸ್‌ವಿಲ್‌ನಲ್ಲಿ ದೊಡ್ಡ ಮನೆ, ಮೂರು ಕಾರು ನಿಲ್ಲುವ ಗ್ಯಾರೇಜು. ಅಪ್ಪನ ಹಳೆಯ ಸ್ನೇಹಿತರು. ಹೊರಗಿನವರಿಗೆ ಕೊಡುವ ಬದಲು ನಮ್ಮವರಲ್ಲೇ ಇರಲಿ ಎಂದು ಅಮ್ಮನೇ ಫೋನ್ ಮಾಡಿದ್ದಳಂತೆ. ಅಪ್ಪ ಒಳಗೆ ಹಾಲ್‌ನಲ್ಲಿ ರೇಡಿಯೋ ಕೇಳುತ್ತಾ ಕುಳಿತಿದ್ದರು, ನೀನೇ ತೋರಿಸು ಎಂದರು.

"ಭಾರಿ ಐತಲ್ಲವಾ ಹಂಸಾ, ಗಾಡಿ! ರಾಜ್ಯೋತ್ಸವದ ಮೆರವಣಿಗಿಗೆ ಇದರ ಮ್ಯಾಲೆ ಧ್ವಜ ಕಟ್ಟಿ ಹೊಂಟ್ವಿ ಅಂದ್ರ ಮುಗೀತು."

"ಉಳಿದ ದಿನ ಅಂಕಲ್?"

"ಉಳಿದ ದಿನ ಏನೈತಿ, ಮ್ಯಾಲೊಂದು ಹೊದಿಕಿ ಹಾಕಿ ಇಡೋದು. ಮಗು ಮಲಗಿಸಿದಂಗ ಇಡ್ತೀನಿ. ಎಲ್ಲಿ, ಚಾಲೂ ಮಾಡು ನೋಡೋಣು."

ಡ್ರೈವರ್ ಸೀಟಿನಲ್ಲಿ ಕುಳಿತೆ. ಅಂಕಲ್ ಪಕ್ಕದಲ್ಲಿ ಕುಳಿತು, "ಮೊದಲ ತಾಯಿಗೊಂದು ನಮಸ್ಕಾರ ಮಾಡೋಣು" ಎಂದು ಚಾಮುಂಡಿಯ ಪಾದಕ್ಕೆ ಕೈ ಚಾಚಿದರು. ನಾನು ಅವರ ಮಣಿಕಟ್ಟು ಹಿಡಿದುಕೊಂಡುಬಿಟ್ಟೆ.

"ಮುಟ್ಬೇಡಿ ಅಂಕಲ್! ಸಡಿಲ ಆಗಿದೆ, ಬಿದ್ದುಹೋಗತ್ತೆ."

ಪಾಪ, ದೂರದಿಂದಲೇ ಕೈ ಮುಗಿದರು. ಗಾಡಿ ಕೆಮ್ಮಿತು, ಕೆಮ್ಮಿತು, ಕೆಮ್ಮಿತು. ಕಾಫಿ ಕುಡಿದು ಅಂಕಲ್ ಹೋದರು.

ಊಟಕ್ಕೆ ಕುಳಿತಾಗ ಅಪ್ಪ ಸಾರು ಕಲಸುತ್ತಾ, "ಸ್ಟಾರ್ಟರ್ ಚೆನ್ನಾಗೇ ತಿರುಗ್ತಿತ್ತು, ಅಲ್ವಾ? ಕಿಡಿ ಮಾತ್ರ ಬರ್ಲಿಲ್ಲ" ಎಂದರು. ಮುಖ ಗೋಡೆಯ ಕಡೆಗಿತ್ತು. ಅಂದರೆ ನನ್ನನ್ನು ನೋಡುತ್ತಿದ್ದರು. ನಾನು ಹಪ್ಪಳ ತರಲು ಎದ್ದುಹೋದೆ.

ನಿಲ್ಲಿಸಿ ಒರೆಸುವವರಿಗೆ ಕೊಡಬೇಡ ಎಂದವರು ಅವರೇ ತಾನೇ? ಅವರ ಷರತ್ತನ್ನೇ ಪಾಲಿಸಿದ್ದೇನೆ. ಗ್ಯಾರಿ ಓಡಿಸುತ್ತಿದ್ದನೋ ಏನೋ, ಅದು ಬೇರೆ ವಿಷಯ. ಸ್ವಿಚ್ ಒತ್ತುವುದು ಮರೆತುಹೋಯಿತು ಎಂದು ಬರೆದರೆ ಯಾರು ನಂಬುತ್ತಾರೆ? ಓದುವವರು ಯಾರೂ ಇಲ್ಲ ಅನ್ನುವುದೊಂದೇ ಸಮಾಧಾನ.

ಸೆಪ್ಟೆಂಬರ್ 4, ಗುರುವಾರ

ಇಂಟರ್‌ವ್ಯೂ ಮಾಡಿದವರು ಬೇರೆಯವರನ್ನು ತೆಗೆದುಕೊಂಡರಂತೆ. ಹಾಳಾಗಲಿ.

ಕಂಪ್ಯೂಟರ್‌ನಲ್ಲಿ ಕ್ಲಚ್ ಬಿಡುವುದು ಹೇಗೆಂದು ವೀಡಿಯೊ ನೋಡಿದೆ. ನಾಲ್ಕು ನೋಡಿದೆ. ಗಿರಾಕಿಗಳು ಏನಾದರೂ ಕೇಳಿದರೆ ಹೇಳಲು ಬರಬೇಕಲ್ಲ.

ಸೆಪ್ಟೆಂಬರ್ 13, ಶನಿವಾರ

ನ್ಯೂವರ್ಕ್‌ನಲ್ಲಿ ರೈಲು ಬದಲಿಸಿ ಎಡಿಸನ್‌ನಲ್ಲಿ ಇಳಿದೆ. ಅಮ್ಮ ಸ್ಟೇಶನ್‌ಗೆ ಬಂದಿದ್ದಳು. ಕಾರಿನಲ್ಲಿ ಅವಳು, "ನೀನು ವಾರ ವಾರ ಬರ್ತಿದ್ದೀಯ, ಸಂತೋಷ. ಆದ್ರೆ ಮೊದಲು ತಿಂಗಳಿಗೊಂದ್ಸಲ ಬರೋಕೂ ನಿನಗೆ ಕಾಲ ಕೂಡಿ ಬರ್ತಿರ್ಲಿಲ್ಲ" ಎಂದಳು. ಕೆಲಸ ಇರಲಿಲ್ಲವೇ ಆಗ, ಎಂದೆ.

ಮಧ್ಯಾಹ್ನ ಅಪ್ಪ ಗ್ಯಾರೇಜಿನ ಬಾಗಿಲು ತೆರೆದು ಗಾಡಿಯಲ್ಲಿ ಕುಳಿತರು. ಓಡಿಸುವುದು ನಿಂತರೂ ಶನಿವಾರ ಹತ್ತು ನಿಮಿಷ ಎಂಜಿನ್ ಓಡಿಸುವುದು ನಿಂತಿಲ್ಲ. ತಡವರಿಸದೆ ತಾಯಿಯ ಪಾದ ಒತ್ತಿದರು, ಒಂದೇ ತಿರುವಿಗೆ ಹೊತ್ತಿಕೊಂಡಿತು. ನೆಲ ನಡುಗಿ ಕಪಾಟಿನ ಮೇಲಿನ ಡಬ್ಬಿಗಳೆಲ್ಲ ಗಲಗಲ ಎಂದವು. ಬಾಗಿಲಲ್ಲಿ ನಿಂತಿದ್ದ ನನ್ನ ಅಂಗಾಲಿಗೂ ಬಂತು ಆ ನಡುಕ. ಚಿಕ್ಕಂದಿನಲ್ಲಿ ಬರೆಯುವ ಮೇಜು ಹೀಗೆಯೇ ನಡುಗಿ ಅಕ್ಷರ ಸೊಟ್ಟಗಾಗುತ್ತಿತ್ತು, ಅಮ್ಮ ಅದಕ್ಕೂ ನನಗೇ ಬೈಯುತ್ತಿದ್ದಳು.

ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಆರನೇ ಸಿಲಿಂಡರ್ ಸ್ವಲ್ಪ ಎಳೀತಿದೆ. ಕೇಳಿಸ್ತಾ?"

ಕೇಳಿಸಿತು. ಹೌದು ಅನ್ನಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ಮಾರಿಬಿಟ್ಟರು.

ಮೊರೀನ್ ಅಂತ, ಪರ್ತ್ ಆಂಬಾಯ್‌ನಿಂದ ಬಂದಿದ್ದಳು. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು, ಎತ್ತರದ ಆಳು, ಉಗುರಿನ ಸಂದಿಯಲ್ಲಿ ಗ್ರೀಸು. ಹಿಮ ಬೀಳದ ದಿನವೆಲ್ಲ ಓಡಿಸುತ್ತೇನೆ, ನನಗೆ ಬೇರೆ ಕಾರೇ ಬೇಡ ಎಂದಳು. ಅಪ್ಪನ ಮುಖ ಅರಳಿತು. ಇವತ್ತು ಒಳಗೆ ಕೂರಲಿಲ್ಲ, ಬಂದು ಗಾಡಿಯಲ್ಲೇ ನನ್ನ ಪಕ್ಕಕ್ಕೆ ಕುಳಿತರು.

ಮೊರೀನ್ ಎಂಜಿನ್ನಿನ ಮೇಲೆ ಬಗ್ಗಿ, ತಿರುಗಿಸು ಎಂದಳು. ತಿರುಗಿಸಿದೆ. ಕೆಮ್ಮಿತು. ಇನ್ನೊಮ್ಮೆ ಎಂದಳು. ಕೆಮ್ಮಿತು. ಕಿಡಿ ಬರುತ್ತಿಲ್ಲ ಎಂದು ಕ್ಷಣದಲ್ಲಿ ಕಂಡುಹಿಡಿದಳು.

ಅಪ್ಪ ದನಿ ಏರಿಸದೆ ಕನ್ನಡದಲ್ಲಿ ಹೇಳಿದರು. "ಹಂಸಾ. ತಾಯಿಗೆ ಕೈ ಮುಗಿ."

ನನಗೆ ನಲವತ್ತೆರಡು. ಕದ್ದ ಬೆಲ್ಲ ಬಾಯಲ್ಲಿರುವಾಗ ಸಿಕ್ಕಿಬಿದ್ದ ಹಾಗಾಯಿತು. ಪಾದ ಒತ್ತಿದೆ. ಗಾಡಿ ಗುಡುಗಿತು. ಮೊರೀನ್ ಎರಡೂ ಕೈ ಮೇಲೆತ್ತಿ ಕೂಗಿದಳು.

ಅಪ್ಪನನ್ನು ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿಕೊಂಡು ಬಂದಳು. ಚೆನ್ನಾಗಿ ಓಡಿಸುತ್ತಾಳೆ, ದೂರದಿಂದ ಗೇರು ಬದಲಿಸುವ ಸದ್ದು ಕೇಳಿಯೇ ಗೊತ್ತಾಯಿತು. ಹೊಟ್ಟೆಕಿಚ್ಚಾಯಿತು, ಬರೆದುಬಿಡುತ್ತೇನೆ. ಇಳಿಯುವಾಗ, ಮೊದಲು ಈ ಮರದ ತುಂಡು ಬಿಚ್ಚಿ ಎಸೆಯುತ್ತೇನೆ ಎಂದು ನಕ್ಕಳು. ಅಪ್ಪ ತಲೆಯಾಡಿಸಿದರು. ಅವರ ಅಂಗೈ ಚನ್ನಪಟ್ಟಣದ ಗುಂಡಿನ ಮೇಲೆಯೇ ಇತ್ತು, ಬಹಳ ಹೊತ್ತು ತೆಗೆಯಲಿಲ್ಲ.

ಆಯುಧಪೂಜೆಯ ಮಾರನೇ ದಿನ, ಗುರುವಾರ, ಟ್ರೇಲರ್ ತಂದು ಒಯ್ಯುತ್ತಾಳೆ. ಕೊನೆಯ ಪೂಜೆ ಮಾಡಿಯೇ ಕಳಿಸೋಣ ಎಂದರು ಅಪ್ಪ. ತಾಯಿಗೆ ಕೈ ಮುಗಿ ಎಂದದ್ದರ ಬಗ್ಗೆ ಆಮೇಲೆ ಒಂದು ಮಾತೂ ಆಡಲಿಲ್ಲ. ಇವರು ಯಾವತ್ತೂ ಹೀಗೆಯೇ.

ಸೆಪ್ಟೆಂಬರ್ 23, ಮಂಗಳವಾರ

ಏನೂ ಬರೆಯುವುದಿಲ್ಲ.

ಸೆಪ್ಟೆಂಬರ್ 27, ಶನಿವಾರ

ಅಪ್ಪ ನೋಟ್‌ಬುಕ್ ವಾಪಸ್ ಕೇಳಿದರು. ಅದೂ ಗಾಡಿಯ ಜೊತೆ ಹೋಗಬೇಕಂತೆ. ಕನ್ನಡ ಅವಳಿಗೇನು ಓದಲು ಬರುತ್ತದೆ ಎಂದೆ. "ಬರದಿದ್ರೂ ಪರ್ವಾಗಿಲ್ಲ, ಗಾಡೀದು ಗಾಡಿ ಹತ್ರ ಇರ್ಬೇಕು" ಎಂದರು. ನನ್ನ ಪುಟಗಳನ್ನು ಹರಿದುಕೊಳ್ಳಬೇಕು. ಹರಿಯುವ ಮೊದಲು, ಮುಂದಿನಿಂದ ಓದತೊಡಗಿದೆ. ಇಷ್ಟು ದಿನ ಎಂಜಿನ್ನಿನ ವಿವರಕ್ಕಷ್ಟೇ ನೋಡಿದ್ದೆ.

ಹೀಗಿದೆ. ಇದ್ದದ್ದು ಇದ್ದ ಹಾಗೆ ನಕಲು ಮಾಡುತ್ತೇನೆ.

*14 ಅಕ್ಟೋಬರ್ 2000. ಎಣ್ಣೆ ಸರಿ, ನೀರು ಸರಿ. ಹಂಸಾ ಓಡಿಸಿದಳು. ಸಿಗ್ನಲ್‌ನಲ್ಲಿ ಐದು ಸಲ ನಿಂತಿತು. ತಪ್ಪು ಗಾಡಿಯದು. ಕ್ಲಚ್ ಅವಳ ಕಾಲಿಗೆ ಎಟಕುತ್ತಿಲ್ಲ.*

*15 ಅಕ್ಟೋಬರ್. ಪೆಡಲ್ಲಿಗೆ ಒಂದೂಕಾಲು ಇಂಚು ಮರ ಕೂರಿಸಿದೆ.*

*21 ಅಕ್ಟೋಬರ್. ಎಣ್ಣೆ ಸರಿ, ನೀರು ಸರಿ. ಹಂಸಾ ಬರಲಿಲ್ಲ.*

*28 ಅಕ್ಟೋಬರ್. ಎಣ್ಣೆ ಸರಿ, ನೀರು ಸರಿ. ಹಂಸಾ ಬರಲಿಲ್ಲ.*

ಆ ಚಳಿಗಾಲ ಪೂರ್ತಿ ಹಾಗೆಯೇ ಇದೆ. ವಸಂತದಲ್ಲೂ ಇದೆ. ನಾನು ಕಾಲೇಜಿಗೆ ಹೊರಟ 2001ರ ಆಗಸ್ಟ್‌ವರೆಗೂ ಇದೆ. ಆಮೇಲೆ ನನ್ನ ಹೆಸರಿಲ್ಲ, ಎಣ್ಣೆ ನೀರು ಮಾತ್ರ.

ಆದರೆ ಮರದ ತುಂಡು ಬಿಚ್ಚಿಲ್ಲ. ಆರಡಿ ಎತ್ತರದ ಮನುಷ್ಯ ಇಪ್ಪತ್ತನಾಲ್ಕು ವರ್ಷ ಸ್ಟೇರಿಂಗಿಗೆ ಮೊಣಕಾಲು ತಗುಲಿಸಿಕೊಂಡು ಓಡಿಸಿದ್ದಾರೆ. ಕಿರುಚಿದ್ದು ನಾನು. ಸುಮ್ಮನಿದ್ದವರು ತಪ್ಪನ್ನು ಗಾಡಿಯ ಮೇಲೆ ಹಾಕಿ ಬರೆದಿಟ್ಟರು. ನನಗೆ ಅಳು ಬಂತು, ಅಡುಗೆಮನೆಯಲ್ಲೇ ಕುಳಿತು ಅತ್ತೆ. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು.

ಪುಟ ಹರಿಯಲಿಲ್ಲ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಬೆಳಿಗ್ಗೆ ಅಮ್ಮನೂ ನಾನೂ ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಗಳಿಗೆ ಹೋಗಿ ಬೂದುಗುಂಬಳ, ಚೆಂಡುಹೂವು, ನಿಂಬೆಹಣ್ಣು ತಂದೆವು. ಅಪ್ಪ ಕೈಯಿಂದ ಮುಟ್ಟಿ ಮುಟ್ಟಿ ಗಾಡಿಗೆ ಅರಿಶಿನ ಕುಂಕುಮ ಹಚ್ಚಿದರು. ಎಲ್ಲೂ ಒಂದಿಂಚು ಆಚೀಚೆ ಆಗಲಿಲ್ಲ. ಮಂಗಳಾರತಿಯಾಯಿತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆ. ಪ್ರತಿ ವರ್ಷ ಅವುಗಳ ಮೇಲೆ ಗಾಡಿ ಹತ್ತಿಸುವವರು ಅಪ್ಪ. ಹೋದ ವರ್ಷವೂ ಅವರೇ.

"ಈ ಸಲ ತಳ್ಳಿಬಿಡೋಣ. ಒಂದಡಿ ತಾನೇ" ಎಂದರು.

"ಬೇಡ ಅಪ್ಪ. ನಾನು ಓಡಿಸ್ತೀನಿ."

ಮುಖ ಪಕ್ಕಕ್ಕೆ ತಿರುಗಿತು. ಬಹಳ ಹೊತ್ತು ನೋಡಿದರು.

"ಕೊಡ್ಬೇಡಿ ಅಪ್ಪ ಗಾಡೀನ. ನನಗೆ ಬೇಕು."

"ಮುಟ್ಟಲ್ಲ ಅಂದಿದ್ದೆಯಲ್ಲಮ್ಮ. ನಾನು ಅದನ್ನೇ ನಂಬ್ಕೊಂಡೆ."

"ಹದಿನೇಳು ವರ್ಷದವಳ ಮಾತು. ಆಮೇಲಾದ್ರೂ ನೀವು ಕೇಳ್ಬಹುದಿತ್ತು."

"ನೀನೂ ಹೇಳ್ಬಹುದಿತ್ತು. ಸ್ವಿಚ್ ಒತ್ತದೆ ಕೂತ್ರೆ ನಾನು ಏನಂತ ತಿಳ್ಕೋಬೇಕು?" ಅಪ್ಪ ಕೈಗಂಟಿದ ಕುಂಕುಮ ಒರೆಸಿಕೊಂಡು, "ಶನಿವಾರ ಶನಿವಾರ ಬಂದು ಓಡಿಸ್ಬೇಕು. ನಿಲ್ಲಿಸೋ ಹಾಗಿಲ್ಲ" ಎಂದರು.

"ಬರ್ತೀನಿ."

ಅಮ್ಮ ಆರತಿ ತಟ್ಟೆ ಹಿಡಿದು, "ಅಯ್ಯೋ, ಕೋಳಿಗೂಡು ಹೋಗತ್ತೆ ಅಂತ ಆ ಜಾಗದಲ್ಲಿ ಫ್ರೀಜರ್ ಇಡೋಣ ಅಂತಿದ್ದೆನಲ್ಲೇ" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಪಾದ ಒತ್ತಿ ಕೀ ತಿರುಗಿಸಿದೆ. ಕಾಲಿಟ್ಟರೆ ಮರದ ತುಂಡು ಸರಿಯಾಗಿ ನನ್ನ ಹಿಮ್ಮಡಿ ನೆಲಕ್ಕೆ ತಾಗುವಷ್ಟೇ ಇದೆ. ಗಾಡಿ ಮುಗ್ಗರಿಸಿ ಮುಂದಕ್ಕೆ ಹಾರಿತು, ನಿಂಬೆಹಣ್ಣು ಪಚಕ್ಕೆಂದವು, ನಾನು ನಿಲ್ಲಿಸಲಿಲ್ಲ. ಡ್ರೈವ್‌ವೇ ದಾಟಿ ರಸ್ತೆಗೇ ಹೋದೆವು. ಅಪ್ಪ ಪಕ್ಕದಲ್ಲಿ ದಾರಿಯುದ್ದಕ್ಕೂ ಬೇರೆಯ ಕಡೆಗೆ ಮುಖ ತಿರುಗಿಸಿಕೊಂಡೇ ಕುಳಿತಿದ್ದರು.

ವಾಪಸ್ ಬಂದು ಮೊರೀನ್‌ಗೆ ಫೋನ್ ಮಾಡಿದೆ. ಟ್ರೇಲರ್ ಆಗಲೇ ತಂದು ಮನೆ ಮುಂದೆ ನಿಲ್ಲಿಸಿದ್ದಳಂತೆ. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಇದು ಮೊದಲೇ ಹೇಳಬಹುದಾಗಿದ್ದ ಮಾತು ಎಂದು ಒಂದೇ ಸಾಲು ಹೇಳಿ ಫೋನ್ ಇಟ್ಟಳು. ಅವಳು ಹೇಳಿದ್ದು ಸರಿ, ಅವಳಿಗೆ ಅನ್ಯಾಯ ಮಾಡಿದ್ದೇನೆ.

ಅಕ್ಟೋಬರ್ 4, ಶನಿವಾರ

ಅಪ್ಪ ಹೇಳಿದರು, ನೋಟ್‌ಬುಕ್ ಮುಂದಿನ ಕಡೆಯಿಂದಲೇ ಬರೆ, ಅದರ ಕ್ರಮ ಅದು. ಅಲ್ಲಿ ಅವರ ಕೊನೆಯ ಸಾಲಿನ ಕೆಳಗೆ ಬರೆದು, ಓದಿ ಹೇಳಿದೆ. ಸರಿ ಎಂದರು. ಇಲ್ಲೂ ಒಂದು ನಕಲು.

*4 ಅಕ್ಟೋಬರ್. ಎಣ್ಣೆ ಸರಿ, ನೀರು ಸರಿ. ಹಂಸಾ ಬಂದಳು, ಓಡಿಸಿದಳು. ಸ್ಟೆಲ್ಟನ್ ರೋಡ್ ಸಿಗ್ನಲ್‌ನಲ್ಲಿ ಎರಡು ಸಲ ನಿಂತಿತು. ತಪ್ಪು ಗಾಡಿಯದಲ್ಲ.*